ಮಕ್ಕಳ ಭಯಕ್ಕೆ ಏಣಿ: ಥೆರಪಿಸ್ಟ್‌ಗಳು ಎಡವುವುದು ಎಲ್ಲಿ?

ಭಯದ ಸಂಗತಿಯನ್ನು ಸ್ವಲ್ಪ ಸ್ವಲ್ಪವಾಗಿ ಎದುರಿಸುವ ಎಕ್ಸ್‌ಪೋಶರ್ ಎಂಬ ಚಿಕಿತ್ಸೆ ಹೊಸದೇನಲ್ಲ. ಸಣ್ಣ ಭಯದಿಂದ ದೊಡ್ಡ ಭಯಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಬರೆದ ಪಟ್ಟಿಯೇ ಅದರ ಏಣಿ. ಮೊಲ ಕಂಡರೆ ಹೆದರುತ್ತಿದ್ದ ಪೀಟರ್ ಎಂಬ ಪುಟ್ಟ ಹುಡುಗನ ಭಯ ಬಿಡಿಸಿದ ಬಗೆಯನ್ನು ಮನೋವಿಜ್ಞಾನಿ ಮೇರಿ ಕವರ್ ಜೋನ್ಸ್ 1924ರಲ್ಲೇ ಬರೆದಿದ್ದರು. ಹೊಸ ಥೆರಪಿಸ್ಟ್‌ಗಳಿಗೂ ಇದು ಗೊತ್ತು. ಆದರೆ ಎದುರಿಗೆ ಕೂತ ಹುಡುಗಿಯ ಕೈ ನಡುಗಿದ ಕೂಡಲೇ ಅವರೇ ಗಾಬರಿಯಾಗಿ ನಿಲ್ಲಿಸಿಬಿಡುತ್ತಾರೆ. ಅವರಿಗಾಗಿ ಈ ಐದು ಹೆಜ್ಜೆ.

1. ಭಯ ಯಾವುದರದ್ದು ನೋಡಿ. ಶಾಲೆಯಲ್ಲಿ ನಿಜವಾಗಿಯೂ ಯಾರೋ ಹೊಡೆಯುತ್ತಿದ್ದರೆ ಏಣಿ ಬೇಡ, ಹೊಡೆತ ನಿಲ್ಲಿಸಿ. ಸಾಯುವ ಮಾತು ಬಂದರೆ ಮೊದಲು ಮಗುವಿನ ಸುರಕ್ಷತೆ, ಉಳಿದದ್ದೆಲ್ಲ ಆಮೇಲೆ.

2. ಏಣಿ ಕಟ್ಟಿ. ಕಟ್ಟಬೇಕಾದದ್ದು ಮಗು, ನೀವಲ್ಲ. ಪ್ರತಿ ಮೆಟ್ಟಿಲಿಗೂ ಎಷ್ಟು ಭಯ ಎಂದು ಅಂಕ ಹಾಕಿಸಿ. ಮನೋವೈದ್ಯ ಜೋಸೆಫ್ ವೋಲ್ಪೆ ಅವರ ಅಳತೆ 0ಯಿಂದ 100. ಮಕ್ಕಳಿಗೆ 10 ಸಾಕು. ರೆಡಿಮೇಡ್ ಏಣಿಯ ಪ್ರಿಂಟ್ ಹಾಳೆಗಳನ್ನು ದಯವಿಟ್ಟು ಕೊಡಬೇಡಿ. ಅದರಲ್ಲಿ ಇರುವುದು ಬೇರೆ ಯಾರದ್ದೋ ಭಯ.

3. ಮೆಟ್ಟಿಲು ಹತ್ತಿಸಿ. ಕಷ್ಟ ಇರುವುದು ಇಲ್ಲೇ. ಅಪರಿಚಿತರಿಗೆ ಫೋನ್ ಮಾಡಲು ಹೆದರುವ ಹುಡುಗಿ ಲೈಬ್ರರಿಗೆ ಫೋನ್ ಮಾಡಿ, ಎಷ್ಟು ಹೊತ್ತಿಗೆ ಮುಚ್ಚುತ್ತೀರಿ ಎಂದು ಕೇಳಬೇಕು ಅಂದುಕೊಳ್ಳಿ. ಡಯಲ್ ಮಾಡುವ ಮೊದಲೇ ಕೇಳಿ:

"ಏನಾಗುತ್ತೆ ಅನ್ಸುತ್ತೆ?"

"ನಾನು ತಡವರಿಸ್ತೀನಿ ಮೇಡಂ. ಅವ್ರು ಬೈತಾರೆ."

"ಬೈದ್ರು ಅಂತ ನಿನಗೆ ಹೇಗೆ ಗೊತ್ತಾಗುತ್ತೆ?"

"ಜೋರಾಗಿ ಮಾತಾಡಿ ಫೋನ್ ಇಟ್ಟುಬಿಡ್ತಾರೆ."

ಇದನ್ನು ಅವಳ ಕೈಯಲ್ಲೇ ಬರೆಸಿ. 'ಏನೋ ಕೆಟ್ಟದ್ದಾಗುತ್ತೆ' ಅನ್ನುವುದನ್ನು ಬರೆಸಿ ಪ್ರಯೋಜನವಿಲ್ಲ, ಅದು ಆಯಿತೋ ಇಲ್ಲವೋ ಆಮೇಲೆ ಹೇಗೆ ನೋಡುತ್ತೀರಿ? ಬೇಕಿದ್ದರೆ ಮೊದಲ ಕಾಲ್ ನೀವೇ ಮಾಡಿ, ಬೇಕಂತಲೇ ತಡವರಿಸಿ.

ಈಗ ಅವಳನ್ನು ಗಮನಿಸಿ. ಮಾತನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಓದುತ್ತಿದ್ದಾಳಾ? ಅಮ್ಮನ ಕೈ ಹಿಡಿದಿದ್ದಾಳಾ? ಹಾಗಿದ್ದರೆ ಕಾಲ್ ಚೆನ್ನಾಗಿ ಮುಗಿದರೂ 'ಚೀಟಿ ಇತ್ತು, ಬಚಾವಾದೆ' ಅಂದುಕೊಳ್ಳುತ್ತಾಳೆ. ಒಂದೇ ಸಲ ಕಿತ್ತುಕೊಳ್ಳಬೇಡಿ, ಅವಳನ್ನು ಕೇಳಿ ಒಂದೊಂದಾಗಿ ಬಿಡಿಸಿ. ಒಪ್ಪಿದ್ದಕ್ಕಿಂತ ಮೇಲಿನ ಮೆಟ್ಟಿಲಿಗೆ ಉಪಾಯದಿಂದ ಹತ್ತಿಸಲೂ ಬೇಡಿ. ಮತ್ತೆ ನಿಮ್ಮನ್ನು ನಂಬುವುದಿಲ್ಲ.

ಕಾಲ್ ನಡೆಯುವಾಗ ಸುಮ್ನೆ ಕೂತಿರಿ. 'ಏನೂ ಆಗಲ್ಲ ಪುಟ್ಟಾ' ಅನ್ನುವುದೂ ಆ ಚೀಟಿಯಂಥದ್ದೇ. ದೀರ್ಘ ಉಸಿರಾಟವನ್ನೂ ನಾನು ಈ ಹೊತ್ತಿನಲ್ಲಿ ಮಾಡಿಸುವುದಿಲ್ಲ. ವೋಲ್ಪೆ ಕಾಲದಲ್ಲಿ ಮೈ ಸಡಿಲಿಸುವುದು ಚಿಕಿತ್ಸೆಯ ಭಾಗವೇ ಆಗಿತ್ತು, ನಿಜ. ಆದರೆ ಮನೋವಿಜ್ಞಾನಿ ಮಿಶೆಲ್ ಕ್ರಾಸ್ಕೆ ಮತ್ತು ಸಂಗಡಿಗರು 2014ರ ಲೇಖನದಲ್ಲಿ ಒತ್ತು ಕೊಟ್ಟಿದ್ದು ಬೇರೆಯದಕ್ಕೆ: ಅಂದುಕೊಂಡದ್ದಕ್ಕೂ ಆದದ್ದಕ್ಕೂ ಇರುವ ಅಂತರ. ಹಾಗಾಗಿ ಅಂಕ 8ರಿಂದ 3ಕ್ಕೆ ಇಳಿಯಲಿ ಎಂದು ಗಡಿಯಾರ ನೋಡುತ್ತಾ ಕೂರಬೇಕಿಲ್ಲ. ಎದೆ ಡವಡವ ಅನ್ನುತ್ತಿರುವಾಗಲೇ ಕೆಲಸ ಮುಗಿಸಿದಳು ಅಂದ್ರೆ ಅದೂ ಗೆಲುವೇ ಅಲ್ವಾ?

4. ಡಯಲ್ ಮಾಡುವ ಮೊದಲು ಬರೆಸಿದ್ದನ್ನು ಓದಿಸಿ. "ನೋಡಿದ್ಯಾ, ನಾನು ಹೇಳಿರ್ಲಿಲ್ವಾ?" ಅನ್ನಬೇಡಿ. ಏನಾಯಿತು ಎಂದು ಅವಳೇ ಹೇಳಲಿ. ಆ ಕಡೆಯವರು ನಿಜವಾಗಿಯೂ ರೇಗಿದ್ದರೆ ಮುಚ್ಚಿಡಬೇಡಿ. "ರೇಗಿದ್ರು. ಆಮೇಲೆ ನೀನೇನ್ ಮಾಡ್ದೆ?" ಎಂದು ಕೇಳಿ. ಎಷ್ಟೋ ಸಲ ಜಾಸ್ತಿ ಕಲಿಯುವುದು ಇಂಥ ದಿನವೇ.

5. ಹೋಂವರ್ಕ್. ಅದೇ ಮೆಟ್ಟಿಲು, ಬೇರೆ ಜಾಗ, ಬೇರೆ ಜನ. ಅಪ್ಪ ಅಮ್ಮನಿಗೂ ಒಂದು ಕೆಲಸ ಕೊಡಿ: ಮಗುವನ್ನು ಯಾರಾದರೂ ಮಾತಾಡಿಸಿದರೆ ತಾವು ಬಾಯಿ ಹಾಕಬಾರದು.