ಘಾಟಿ ಇಳಿಯುವ ಮೊದಲು ಕಾರಿನ ಬ್ರೇಕ್ ನೋಡಿಕೊಳ್ಳುವುದು ಹೇಗೆ?

ಕಾರನ್ನು ಸರ್ವಿಸ್‌ಗೆ ಬಿಟ್ಟಾಗ ಎಂಜಿನ್ ಆಯಿಲ್ ಬದಲಾಯಿಸಿದ್ರಾ, ಎಸಿ ತಣ್ಣಗೆ ಬರ್ತಿದೆಯಾ ಅಂತ ಮರೆಯದೆ ಕೇಳುತ್ತೇವೆ. ಬ್ರೇಕಿನ ವಿಷಯ ಬಂದರೆ ‘ಪ್ಯಾಡ್ ಇನ್ನೂ ಇದೆ ಸರ್’ ಅನ್ನುವ ಒಂದೇ ಮಾತಿಗೆ ಸಮಾಧಾನ ಮಾಡಿಕೊಳ್ಳುತ್ತೇವೆ. ಆದರೆ ವರ್ಷಗಟ್ಟಲೆ ಯಾರೂ ಮುಟ್ಟದೆ ಉಳಿಯುವುದು ಬೇರೆ ಎರಡಿವೆ. ಒಂದು, ಡಬ್ಬಿಯೊಳಗಿನ ಬ್ರೇಕ್ ಆಯಿಲ್. ಇನ್ನೊಂದು, ಹಿಂದಿನ ಚಕ್ರದ ಡ್ರಮ್. ಆಗುಂಬೆ, ಚಾರ್ಮಾಡಿಯಂಥ ಘಾಟಿಯಲ್ಲಿ ತುಂಬಿದ ಕಾರು ಇಳಿಸುವಾಗ ಇವೆರಡೂ ಸರಿಯಾಗಿರಲೇಬೇಕು.

ಇಲ್ಲಿ ಹೇಳುತ್ತಿರುವುದು ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವ ಸಣ್ಣ ಕಾರುಗಳ ಬಗ್ಗೆ. ಆಲ್ಟೊ, ವ್ಯಾಗನ್ ಆರ್, ಹಳೆಯ ಸ್ಯಾಂಟ್ರೊ, ಟಿಯಾಗೊ ಎಲ್ಲ ಈ ಗುಂಪಿನವೇ. ಸೀಟಿನಲ್ಲಿ ಕೂತು ಮಾಡುವ ಪರೀಕ್ಷೆಗಳು ಯಾರಿಗೆ ಬೇಕಾದರೂ ಸಾಧ್ಯ. ಬಿಚ್ಚುವ ಕೆಲಸಕ್ಕೆ ಮಾತ್ರ ಸ್ಪ್ಯಾನರ್ ಹಿಡಿದು ಅಭ್ಯಾಸ ಇರಬೇಕು. ಇಲ್ಲದವರೂ ಪೂರ್ತಿ ಓದಿ. ಗ್ಯಾರೇಜಿನಲ್ಲಿ ಏನು ಕೇಳಬೇಕು, ಯಾವುದನ್ನು ಎದುರು ನಿಂತು ನೋಡಬೇಕು ಅನ್ನುವುದಾದರೂ ತಿಳಿಯುತ್ತದೆ.

ಒಳಗೆ ಏನು ನಡೆಯುತ್ತದೆ

ಪೆಡಲ್ ಒತ್ತಿದಾಗ ಅದರ ಹಿಂದಿರುವ ಬೂಸ್ಟರ್ ಎಂಜಿನ್ನಿನ ವ್ಯಾಕ್ಯೂಮ್ ಬಳಸಿ ಕಾಲಿನ ಬಲವನ್ನು ಹೆಚ್ಚಿಸುತ್ತದೆ. ಆ ಬಲ ಆಯಿಲ್ ತುಂಬಿದ ಮಾಸ್ಟರ್ ಸಿಲಿಂಡರಿನ ಪಿಸ್ಟನ್ನನ್ನು ತಳ್ಳುತ್ತದೆ. ಆಯಿಲನ್ನು ಹಿಂಡಿ ಕುಗ್ಗಿಸಲು ಆಗುವುದಿಲ್ಲ. ಹಾಗಾಗಿ ಒತ್ತಡ ಪೈಪಿನ ಮೂಲಕ ತಕ್ಷಣ ನಾಲ್ಕೂ ಚಕ್ರಕ್ಕೆ ಮುಟ್ಟುತ್ತದೆ. ಮುಂದೆ ಕ್ಯಾಲಿಪರ್ ಎರಡು ಪ್ಯಾಡ್‌ಗಳ ನಡುವೆ ಡಿಸ್ಕನ್ನು ಹಿಡಿಯುತ್ತದೆ. ಹಿಂದೆ ವೀಲ್ ಸಿಲಿಂಡರ್ ಎರಡು ಶೂಗಳನ್ನು ಅಗಲಿಸಿ ಡ್ರಮ್ಮಿನ ಒಳಗೋಡೆಗೆ ಒತ್ತುತ್ತದೆ. ಒಂದು ಪೈಪ್ ಒಡೆದರೂ ಅರ್ಧ ಬ್ರೇಕ್ ಉಳಿಯಲಿ ಅಂತ ಎರಡು ಲೈನ್ ಇಟ್ಟಿರುತ್ತಾರೆ. ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಒಂದು ಲೈನ್ ಬಲ ಮುಂದಿನ ಮತ್ತು ಎಡ ಹಿಂದಿನ ಚಕ್ರಕ್ಕೆ, ಇನ್ನೊಂದು ಉಳಿದೆರಡಕ್ಕೆ ಹೋಗುತ್ತದೆ.

ಆಯಿಲ್ ಕುಗ್ಗುವುದಿಲ್ಲ, ಆದರೆ ಗಾಳಿ ಮತ್ತು ಹಬೆ ಕುಗ್ಗುತ್ತವೆ. ಬ್ರೇಕಿನ ಕಷ್ಟವೆಲ್ಲ ಇಲ್ಲೇ ಶುರುವಾಗುವುದು. ನಮ್ಮ ಕಾರುಗಳಲ್ಲಿ ಬಳಸುವ ಡಾಟ್ 3, ಡಾಟ್ 4 ಆಯಿಲ್‌ಗಳು ಗಾಳಿಯ ತೇವವನ್ನು ಹೀರಿಕೊಳ್ಳುತ್ತವೆ. ಡಬ್ಬಿ ಮುಚ್ಚಿದ್ದರೂ ರಬ್ಬರ್ ಹೋಸ್‌ಗಳ ಮೂಲಕ ತೇವ ನಿಧಾನಕ್ಕೆ ಒಳಗೆ ಸೇರುತ್ತದೆ. ಡಾಟ್ 3 ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಅನ್ನುವುದು ನಿಯಮ. ಅದರಲ್ಲಿ ಶೇ 3.7ರಷ್ಟು ನೀರು ಸೇರಿದರೆ ಈ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇದೇ ಲೆಕ್ಕ 230 ಮತ್ತು 155. ಇಳಿಜಾರಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಬಂದರೆ ಕ್ಯಾಲಿಪರ್ ಕಾದು ಹಳೆಯ ಆಯಿಲ್ ಕುದಿಯುತ್ತದೆ. ಹಬೆ ಆಗುತ್ತದೆ. ಪೆಡಲ್ ಸೀದಾ ನೆಲಕ್ಕೆ ಹೋಗುತ್ತದೆ. ಪ್ಯಾಡ್ ಹೊಸದಾಗಿದ್ದರೂ ಅಷ್ಟೇ.

ಮೊದಲು ಸೀಟಿನಲ್ಲಿ ಕೂತು ನೋಡಿ

ಎಂಜಿನ್ ಬಂದ್ ಇರಲಿ. ಪೆಡಲನ್ನು ನಾಲ್ಕೈದು ಸಲ ಒತ್ತಿ ಬಿಡಿ. ಬೂಸ್ಟರಿನಲ್ಲಿ ಉಳಿದ ವ್ಯಾಕ್ಯೂಮ್ ಖಾಲಿಯಾಗಿ ಪೆಡಲ್ ಗಟ್ಟಿಯಾಗುತ್ತದೆ. ಈಗ ಪೆಡಲನ್ನು ಬೆರಳಿನಿಂದ ಮೆಲ್ಲಗೆ ತಳ್ಳಿ. ತಡೆ ಸಿಗುವ ಮುಂಚೆ ಕೆಲವೇ ಮಿಲಿಮೀಟರ್ ಸಡಿಲ ಇರಬೇಕು. ನಿಮ್ಮ ಕಾರಿಗೆ ಎಷ್ಟು ಎಂಬುದು ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ. ಸಡಿಲವೇ ಇಲ್ಲದಿದ್ದರೆ ಬ್ರೇಕ್ ಪೂರ್ತಿ ಬಿಡದೆ ಹಿಡಿದುಕೊಂಡೇ ಇರಬಹುದು.

ಈಗ ಪೆಡಲನ್ನು ಒತ್ತಿ ಹಿಡಿದು ಎಂಜಿನ್ ಸ್ಟಾರ್ಟ್ ಮಾಡಿ. ಕಾಲಿನ ಕೆಳಗೆ ಪೆಡಲ್ ಸ್ವಲ್ಪ ಇಳಿಯಬೇಕು. ಇಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಇಳಿಯದೆ ಕಲ್ಲಿನಂತೆ ನಿಂತರೆ ಬೂಸ್ಟರ್ ಅಥವಾ ಅದರ ವ್ಯಾಕ್ಯೂಮ್ ಪೈಪ್ ನೋಡಿಸಬೇಕು.

ಮೂರನೆಯ ಪರೀಕ್ಷೆಯೇ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ. ಎಂಜಿನ್ ಚಾಲೂ ಇರುವಾಗಲೇ ಪೆಡಲನ್ನು ಸಾಧಾರಣ ಬಲದಲ್ಲಿ ಒತ್ತಿ ಅರ್ಧ ನಿಮಿಷ ಹಾಗೇ ಹಿಡಿಯಿರಿ. ಪೆಡಲ್ ಒಂದೇ ಎತ್ತರದಲ್ಲಿ ನಿಲ್ಲಬೇಕು. ಮೆಲ್ಲಗೆ ಕೆಳಗೆ ಜಾರುತ್ತಾ ಹೋದರೆ ಎಲ್ಲೋ ಆಯಿಲ್ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸೀಲ್ ಸವೆದಿದೆ. ಎರಡನೆಯದಾದರೆ ಹೊರಗೆ ಒಂದು ಹನಿಯೂ ಕಾಣುವುದಿಲ್ಲ, ಡಬ್ಬಿಯ ಮಟ್ಟವೂ ಇಳಿಯುವುದಿಲ್ಲ. ಹಾಗಾಗಿ ‘ಆಯಿಲ್ ಲೆವೆಲ್ ಸರಿ ಇದೆ’ ಅನ್ನುವ ಮಾತನ್ನು ಇಲ್ಲಿ ನಂಬಬೇಡಿ. ಅಂಥ ಕಾರನ್ನು ಓಡಿಸಲೂ ಬೇಡಿ.

ಪೆಡಲ್ ಸ್ಪಂಜಿನಂತೆ ಮೆತ್ತಗಿದ್ದರೆ ಲೈನಿನಲ್ಲಿ ಗಾಳಿ ಇದೆ. ಮೊದಲ ಸಲ ತುಂಬ ಕೆಳಗೆ ಹೋಗಿ, ಎರಡನೇ ಸಲ ಒತ್ತಿದಾಗ ಮೇಲೇ ಗಟ್ಟಿಯಾಗಿ ನಿಂತರೆ ಹಿಂದಿನ ಶೂ ಮತ್ತು ಡ್ರಮ್ ನಡುವೆ ಅಂತರ ಜಾಸ್ತಿಯಾಗಿರುವ ಸಾಧ್ಯತೆ ಹೆಚ್ಚು. ಇವೆರಡನ್ನೂ ಒಂದೇ ಅಂದುಕೊಂಡು ಸುಮ್ನೆ ಬ್ಲೀಡಿಂಗ್ (ಲೈನಿನ ಗಾಳಿ ತೆಗೆಯುವ ಕೆಲಸ) ಮಾಡಿಸಿ ಹಣ ಕಳೆಯುವವರಿದ್ದಾರೆ. ಶೂ ಹೊಂದಿಸದೆ ಎಷ್ಟು ಬ್ಲೀಡ್ ಮಾಡಿದರೂ ಪೆಡಲ್ ಮೇಲೆ ಬರುವುದಿಲ್ಲ.

ಬಾನೆಟ್ ಎತ್ತಿದಾಗ

ಆಯಿಲ್ ಡಬ್ಬಿ ಅರೆಪಾರದರ್ಶಕ, ಮುಚ್ಚಳ ತೆಗೆಯದೆಯೇ ಮಟ್ಟ ಕಾಣುತ್ತದೆ. ಪ್ಯಾಡ್ ಸವೆದಂತೆ ಕ್ಯಾಲಿಪರ್ ಪಿಸ್ಟನ್ ಮುಂದೆ ಬಂದು, ಅದರ ಹಿಂದಿನ ಜಾಗಕ್ಕೆ ಆಯಿಲ್ ತುಂಬಿಕೊಳ್ಳುತ್ತದೆ. ಆದ್ದರಿಂದ ತಿಂಗಳುಗಳಲ್ಲಿ ಮಟ್ಟ ಸ್ವಲ್ಪ ಇಳಿಯುವುದು ಸಹಜ. ಕೆಲವೇ ದಿನಗಳಲ್ಲಿ ಇಳಿದರೆ ಸೋರಿಕೆ ಹುಡುಕಲೇಬೇಕು. ಮೇಲಿಂದ ಸುರಿದು ಮುಂದೆ ಹೋಗುವುದು ಪರಿಹಾರ ಅಲ್ಲ. ಒಳ್ಳೆಯ ಆಯಿಲ್ ತಿಳಿ ಹಳದಿ ಬಣ್ಣದ್ದು. ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ ಬದಲಾಯಿಸಿ. ಬಣ್ಣ ಚೆನ್ನಾಗಿದ್ದರೂ ಎರಡು ವರ್ಷ ಅಥವಾ 40,000 ಕಿಲೋಮೀಟರ್, ಯಾವುದು ಮೊದಲೋ ಆಗ ಬದಲಾಯಿಸುವುದು ಒಳ್ಳೆಯದು, ಏಕೆಂದರೆ ನೀರು ಕಣ್ಣಿಗೆ ಕಾಣುವುದಿಲ್ಲ.

ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಅಂತ ಬರೆದಿರುತ್ತದೆ. ಅದನ್ನೇ ಹಾಕಿ. ಡಾಟ್ 5 ಸಿಲಿಕಾನ್ ಆಯಿಲ್, ಇವುಗಳ ಜೊತೆ ಸೇರಿಸುವಂತಿಲ್ಲ. ಎಂಜಿನ್ ಆಯಿಲ್ ಅಥವಾ ಪವರ್ ಸ್ಟಿಯರಿಂಗ್ ಆಯಿಲ್ ಒಂದು ಚಮಚ ಬಿದ್ದರೂ ರಬ್ಬರ್ ಸೀಲ್‌ಗಳು ಊದಿಕೊಂಡು ಇಡೀ ವ್ಯವಸ್ಥೆ ಕೆಡುತ್ತದೆ. ಯಾವಾಗಲೋ ಒಡೆದು ಇಟ್ಟ ಅರ್ಧ ಬಾಟಲಿಯನ್ನೂ ಬಳಸಬೇಡಿ. ಅದು ಕಪಾಟಿನಲ್ಲಿ ಕೂತೇ ತೇವ ಕುಡಿದಿರುತ್ತದೆ. ಹೊಸ ಬಾಟಲಿಗೆ ಕೆಲವು ನೂರು ರೂಪಾಯಿ ಅಷ್ಟೆ. ಇನ್ನೊಂದು ಎಚ್ಚರ: ಬ್ರೇಕ್ ಆಯಿಲ್ ಪೇಂಟ್ ತಿನ್ನುತ್ತದೆ. ಚೆಲ್ಲಿದರೆ ತಕ್ಷಣ ನೀರಿನಿಂದ ತೊಳೆಯಿರಿ.

ಚಕ್ರ ಬಿಚ್ಚಿದ ಮೇಲೆ

ಸಮತಟ್ಟಾದ ಗಟ್ಟಿ ನೆಲ ಬೇಕು. ಬರೀ ಜಾಕ್ ನಂಬಿ ಕಾರಿನ ಕೆಳಗೆ ಕೈ ಹಾಕಬೇಡಿ, ಸ್ಟ್ಯಾಂಡ್ ಕೊಡಿ. ನೆಲದ ಮೇಲಿರುವ ಚಕ್ರಗಳಿಗೆ ಎರಡೂ ಕಡೆ ಕಲ್ಲು ಅಥವಾ ಮರದ ತುಂಡು ಇಡಿ. ಹಿಂದಿನ ಚಕ್ರದ ಕೆಲಸಕ್ಕೆ ಹ್ಯಾಂಡ್‌ಬ್ರೇಕ್ ಬಿಡಬೇಕಾಗುತ್ತದೆ, ಆಗ ಕಾರನ್ನು ಹಿಡಿಯುವುದು ಆ ಕಲ್ಲುಗಳೇ.

ಮೊದಲು ಮುಂದಿನ ಪ್ಯಾಡ್. ಹೊಸ ಪ್ಯಾಡಿನ ಲೈನಿಂಗ್, ಅಂದರೆ ಉಜ್ಜಿ ಸವೆಯುವ ಪದರ, ಸುಮಾರು 10 ಮಿ.ಮೀ. ಇರುತ್ತದೆ. 3 ಮಿ.ಮೀ.ಗೆ ಬಂದರೆ ಬದಲಾಯಿಸಿ. ಒಳಗಿನ ಪ್ಯಾಡನ್ನೂ ನೋಡಿ, ಹೊರಗಿನದು ದಪ್ಪ ಇದ್ದು ಒಳಗಿನದು ಪೂರ್ತಿ ಸವೆದಿರುವುದುಂಟು. ಹಾಗಾಗಿದ್ದರೆ ಕ್ಯಾಲಿಪರ್ ಜಾರಾಡುವ ಪಿನ್‌ಗಳು ಬಿಗಿದಿವೆ ಎಂದರ್ಥ. ಪಿನ್ ಹೊರತೆಗೆದು ಒರೆಸಿ, ಬ್ರೇಕಿಗೆಂದೇ ಬರುವ ಸಿಲಿಕಾನ್ ಗ್ರೀಸ್ ತೆಳುವಾಗಿ ಹಚ್ಚಿ. ಮಾಮೂಲಿ ಗ್ರೀಸ್ ರಬ್ಬರನ್ನು ಊದಿಸುತ್ತದೆ. ಬ್ರೇಕ್ ಹಿಡಿದಾಗ ಕಾರು ಒಂದು ಕಡೆಗೆ ಎಳೆದರೆ ಈ ಪಿನ್ ಅಥವಾ ಬಿಗಿದುಕೊಂಡ ಪಿಸ್ಟನ್ನನ್ನೇ ಮೊದಲು ಅನುಮಾನಿಸಿ. ಡಿಸ್ಕ್ ಎಷ್ಟು ತೆಳುವಾಗಬಹುದು ಅನ್ನುವ ಕನಿಷ್ಠ ದಪ್ಪ ಹೆಚ್ಚಾಗಿ ಡಿಸ್ಕ್ ಮೇಲೇ ಕೊರೆದಿರುತ್ತದೆ.

ಕ್ಯಾಲಿಪರ್ ಬಿಚ್ಚಿದಾಗ ಅದನ್ನು ಹೋಸ್‌ನಿಂದ ನೇತಾಡಲು ಬಿಡಬೇಡಿ, ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ. ಹೊಸ ಪ್ಯಾಡ್ ಕೂರಿಸಲು ಪಿಸ್ಟನ್ ಹಿಂದೆ ತಳ್ಳಿದಾಗ ಆಯಿಲ್ ಡಬ್ಬಿಗೆ ವಾಪಸ್ ಬಂದು ಉಕ್ಕಬಹುದು, ಒಬ್ಬರು ಅತ್ತ ಕಣ್ಣಿಟ್ಟಿರಲಿ. ಪ್ಯಾಡನ್ನು ಎರಡೂ ಕಡೆ ಒಟ್ಟಿಗೇ ಬದಲಾಯಿಸಬೇಕು.

ರಬ್ಬರ್ ಹೋಸನ್ನು ಬಗ್ಗಿಸಿ ನೋಡಿ. ಬಿರುಕು, ಉಬ್ಬು, ತೇವ ಯಾವುದಿದ್ದರೂ ಬದಲಾಯಿಸಿ. ಕಾರವಾರ, ಉಡುಪಿ, ಮಂಗಳೂರಿನ ಕಡೆ ಕಾರಿರುವವರು ಕಬ್ಬಿಣದ ಪೈಪುಗಳನ್ನೂ ಉದ್ದಕ್ಕೂ ನೋಡಬೇಕು. ಸಮುದ್ರದ ಉಪ್ಪುಗಾಳಿ ಅವುಗಳನ್ನು ಬೇಗ ತುಕ್ಕು ಹಿಡಿಸುತ್ತದೆ. ಕ್ಲಿಪ್ ಇರುವ ಜಾಗದಲ್ಲಿ ಮಣ್ಣು ಕೂತು ತುಕ್ಕು ಹೆಚ್ಚಿರುತ್ತದೆ.

ಮರೆತುಹೋದ ಹಿಂದಿನ ಡ್ರಮ್

ಡ್ರಮ್ ಬಿಚ್ಚದೆ ಒಳಗಿನದು ಕಾಣುವುದಿಲ್ಲ. ಅದಕ್ಕೇ ಯಾರೂ ನೋಡುವುದಿಲ್ಲ, ಅಲ್ವಾ? ಹ್ಯಾಂಡ್‌ಬ್ರೇಕ್ ಬಿಟ್ಟು ಡ್ರಮ್ ಎಳೆಯಿರಿ. ಕಚ್ಚಿಕೊಂಡಿದ್ದರೆ ಹಲವು ಡ್ರಮ್‌ಗಳಲ್ಲಿ ಅದಕ್ಕೆಂದೇ ಬೋಲ್ಟ್ ತಿರುಗಿಸುವ ಥ್ರೆಡ್ ಇರುವ ಎರಡು ತೂತುಗಳಿರುತ್ತವೆ. ಅಲ್ಲಿಗೆ ಹೊಂದುವ ಬೋಲ್ಟನ್ನು ಎರಡೂ ಕಡೆ ಸಮನಾಗಿ ತಿರುಗಿಸುತ್ತಾ ಹೋದರೆ ಡ್ರಮ್ ತಾನೇ ಹೊರಬರುತ್ತದೆ. ಕೆಲವು ಕಾರುಗಳಲ್ಲಿ ಡ್ರಮ್ಮಿನಲ್ಲೇ ಬೇರಿಂಗ್ ಇದ್ದು ನಡುವಿನ ದೊಡ್ಡ ನಟ್ ಬಿಚ್ಚಬೇಕಾಗುತ್ತದೆ. ಟಾರ್ಕ್ ರೆಂಚ್ ಇಲ್ಲದಿದ್ದರೆ ಅದಕ್ಕೆ ಕೈ ಹಾಕಬೇಡಿ.

ಒಳಗಿನ ಧೂಳನ್ನು ಬಾಯಿಂದಲೋ ಏರ್ ಪೈಪಿನಿಂದಲೋ ಊದಬೇಡಿ. ಹಳೆಯ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದು ಶ್ವಾಸಕೋಶಕ್ಕೆ ವಿಷ. ಬ್ರೇಕ್ ಕ್ಲೀನರ್ ಹಾಕಿ ಒದ್ದೆ ಬಟ್ಟೆಯಲ್ಲಿ ಒರೆಸಿ. ಏರ್ ಗನ್ ಹಿಡಿದು ಧೂಳೆಬ್ಬಿಸುವ ಗ್ಯಾರೇಜ್ ಹುಡುಗರಿಗೂ ದಯವಿಟ್ಟು ಇದನ್ನು ಹೇಳಿ.

ವೀಲ್ ಸಿಲಿಂಡರಿನ ಎರಡು ತುದಿಯ ರಬ್ಬರ್ ಟೊಪ್ಪಿಯನ್ನು ಮೆಲ್ಲಗೆ ಎತ್ತಿ ನೋಡಿ. ಒಳಗೆ ಆಯಿಲ್ ಕಂಡರೆ ಸೀಲ್ ಹೋಗಿದೆ. ಶೂಗೆ ಆಯಿಲ್ ತಾಗಿದ್ದರೆ ಉಜ್ಜಿ ಬಳಸುವ ಆಸೆ ಬೇಡ, ಹೊಸದು ಹಾಕಿ. ಲೈನಿಂಗ್ 1 ಮಿ.ಮೀ. ಹತ್ತಿರ ಬಂದಿದ್ದರೂ ಅಷ್ಟೇ. ಶೂ ಬಿಚ್ಚುವುದಾದರೆ ಒಂದೊಂದೇ ಕಡೆ ಮಾಡಿ. ಸ್ಪ್ರಿಂಗ್‌ಗಳ ಜಾಗ ಮರೆತರೆ ಇನ್ನೊಂದು ಕಡೆ ನೋಡಿಕೊಳ್ಳಬಹುದು.

ಇನ್ನು ಹೊಂದಿಸುವುದು. ಮುಂದಿನ ಡಿಸ್ಕ್ ತಾನೇ ಹೊಂದಿಕೊಳ್ಳುತ್ತದೆ, ಅಲ್ಲಿ ಮಾಡುವಂಥದ್ದೇನಿಲ್ಲ. ಹಿಂದೆ ಕೆಲವು ಕಾರುಗಳಲ್ಲಿ ಹಲ್ಲಿನ ಚಕ್ರದಂಥ ಅಡ್ಜಸ್ಟರ್ ಇರುತ್ತದೆ. ಸ್ಕ್ರೂಡ್ರೈವರಿನಿಂದ ಒಂದೊಂದೇ ಹಲ್ಲು ತಿರುಗಿಸುತ್ತಾ ಶೂಗಳನ್ನು ಅಗಲಿಸಿ. ಡ್ರಮ್ ಹಾಕಿ ಕೈಯಲ್ಲಿ ತಿರುಗಿಸಿದಾಗ ತಡೆ ಸಿಗುವವರೆಗೆ ಬಿಗಿ ಮಾಡಿ, ಆಮೇಲೆ ಸಲೀಸಾಗಿ ತಿರುಗುವಷ್ಟು ಸಡಿಲಿಸಿ. ಉಸಿರಿನಷ್ಟು ಸವರುವ ಸದ್ದು ಬಂದರೆ ಪರವಾಗಿಲ್ಲ. ಇನ್ನು ಕೆಲವು ಕಾರುಗಳಲ್ಲಿ ಒಂದೇ ದಿಕ್ಕಿಗೆ ಸರಿಯುವ ಹಲ್ಲಿನ ರಾಚೆಟ್ ಇರುತ್ತದೆ, ಡ್ರಮ್ ಹಾಕಿದ ಮೇಲೆ ಪೆಡಲನ್ನು ಹಲವು ಸಲ ಜೋರಾಗಿ ಒತ್ತಿದರೆ ಅದೇ ಅಂತರ ಹೊಂದಿಸಿಕೊಳ್ಳುತ್ತದೆ. ತುಕ್ಕು ಹಿಡಿದಿದ್ದರೆ ಎರಡೂ ಕೆಲಸ ಮಾಡುವುದಿಲ್ಲ.

ಹ್ಯಾಂಡ್‌ಬ್ರೇಕ್ ಕೇಬಲ್ ಬಿಗಿ ಮಾಡುವುದು ಇದಾದ ಮೇಲೆ. ಶೂ ಹೊಂದಿಸದೆ ಕೇಬಲ್ ಎಳೆದರೆ ಲಿವರ್ ಮೇಲೆ ಬಂದಂತೆ ಕಾಣುತ್ತದೆ, ಬ್ರೇಕ್ ಹಾಗೇ ಇರುತ್ತದೆ. ಐದಾರು ಟಿಕ್‌ಗೆ ಕಾರು ಹಿಡಿದು ನಿಂತರೆ ಸಾಕು.

ಆಯಿಲ್ ಬದಲಾಯಿಸಿ ಗಾಳಿ ತೆಗೆಯುವುದು

ಇಬ್ಬರು ಬೇಕು. ಪ್ರತಿ ಚಕ್ರದ ಬ್ರೇಕಿನಲ್ಲಿ ಗಾಳಿ, ಆಯಿಲ್ ಹೊರಬಿಡಲು ಇರುವ ಸಣ್ಣ ಸ್ಕ್ರೂ, ಅಂದರೆ ನಿಪ್ಪಲ್‌ಗೆ ಹೊಂದುವ ಸ್ಪ್ಯಾನರ್, ಸಾಮಾನ್ಯವಾಗಿ 8 ಅಥವಾ 10 ಮಿ.ಮೀ.ನದು, ಒಂದು ಪಾರದರ್ಶಕ ಟ್ಯೂಬ್, ಸ್ವಲ್ಪ ಹೊಸ ಆಯಿಲ್ ಹಾಕಿದ ಬಾಟಲಿ ಇರಲಿ. ಡಬ್ಬಿಯ ಹಳೆಯ ಆಯಿಲನ್ನು ಸಿರಿಂಜಿನಲ್ಲಿ ಹೀರಿ ಹೊಸದನ್ನು ತುಂಬಿ. ಟ್ಯೂಬಿನ ಒಂದು ತುದಿ ನಿಪ್ಪಲ್‌ಗೆ, ಇನ್ನೊಂದು ಬಾಟಲಿಯ ಆಯಿಲಿನೊಳಗೆ ಮುಳುಗಿರಬೇಕು.

ಸೀಟಿನಲ್ಲಿರುವವರು ಪೆಡಲನ್ನು ನಿಧಾನಕ್ಕೆ ಒತ್ತಿ ‘ಹಿಡಿದೆ’ ಅನ್ನಬೇಕು. ಕೆಳಗಿರುವವರು ನಿಪ್ಪಲನ್ನು ಕಾಲು ಸುತ್ತು ಸಡಿಲಿಸಬೇಕು. ಆಯಿಲ್, ಗುಳ್ಳೆ ಹೊರಬರುತ್ತವೆ, ಪೆಡಲ್ ಇಳಿಯುತ್ತದೆ. ನಿಪ್ಪಲ್ ಬಿಗಿ ಮಾಡಿ ‘ಬಿಡು’ ಅಂದ ಮೇಲೆಯೇ ಕಾಲು ತೆಗೆಯಬೇಕು. ಈ ಕ್ರಮ ತಪ್ಪಿದರೆ ಹೊರಗಿನ ಗಾಳಿ ಮತ್ತೆ ಒಳಗೆ ಹೋಗುತ್ತದೆ. ಗುಳ್ಳೆ ನಿಂತು ತಿಳಿ ಆಯಿಲ್ ಬರುವವರೆಗೆ ಹೀಗೇ ಮಾಡಿ. ನಡುನಡುವೆ ಡಬ್ಬಿ ನೋಡಿ. ಅದು ಖಾಲಿಯಾದರೆ ಮಾಸ್ಟರ್ ಸಿಲಿಂಡರಿಗೆ ಗಾಳಿ ಹೋಗಿ ಎಲ್ಲವನ್ನೂ ಮೊದಲಿಂದ ಮಾಡಬೇಕಾಗುತ್ತದೆ.

ಹಳೆಯ ಕಾರಾದರೆ ಪೆಡಲಿನ ಕೆಳಗೆ ಮರದ ತುಂಡು ಇಡಿ. ದಿನವೂ ಹೋಗದಷ್ಟು ಆಳಕ್ಕೆ ಪಿಸ್ಟನ್ ಹೋದರೆ ಅಲ್ಲಿ ಕೂತ ತುಕ್ಕು, ಕೊಳೆ ಸೀಲನ್ನು ಹರಿದುಬಿಡಬಹುದು. ಮಾಸ್ಟರ್ ಸಿಲಿಂಡರಿನಿಂದ ದೂರದ ಚಕ್ರದಿಂದ, ಅಂದರೆ ನಮ್ಮ ಕಾರುಗಳಲ್ಲಿ ಎಡ ಹಿಂದಿನದರಿಂದ, ಶುರು ಮಾಡುವುದು ವಾಡಿಕೆ. ಆದರೂ ನಿಮ್ಮ ಕಾರಿನ ಮ್ಯಾನ್ಯುಯಲ್ ಬೇರೆ ಕ್ರಮ ಹೇಳಿದರೆ ಅದೇ ಸರಿ. ಏಪ್ರಿಲ್ 2019ರಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯ. ಅಂಥ ಕಾರಿನಲ್ಲೂ ಆಯಿಲ್ ಹೀಗೇ ಬದಲಾಯಿಸಬಹುದು, ಆದರೆ ಎಬಿಎಸ್ ಘಟಕದೊಳಗೆ ಗಾಳಿ ಸೇರಿದರೆ ಸ್ಕ್ಯಾನರ್ ಇರುವ ಗ್ಯಾರೇಜಿಗೇ ಹೋಗಬೇಕು.

ಕಾರು ಅಲುಗುವ ಮೊದಲು

ಸ್ಟ್ಯಾಂಡ್‌ನಿಂದ ಇಳಿಸಿ ಚಕ್ರದ ನಟ್ ಬಿಗಿ ಮಾಡಿದ ಮೇಲೆ, ಗೇರ್ ಹಾಕುವ ಮುಂಚೆ ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ. ಪಿಸ್ಟನ್ ಹಿಂದೆ ತಳ್ಳಿರುವುದರಿಂದ ಮೊದಲ ಕೆಲವು ಒತ್ತಿಗೆ ಬ್ರೇಕ್ ಇರುವುದೇ ಇಲ್ಲ. ಇದನ್ನು ಮರೆತು ರಿವರ್ಸ್ ತೆಗೆದರೆ ಕಾರು ಗೋಡೆಗೆ ಹೋಗಿ ನಿಲ್ಲುತ್ತದೆ.

ಖಾಲಿ ರಸ್ತೆಯಲ್ಲಿ ಮೊದಲು ನಡಿಗೆಯ ವೇಗದಲ್ಲಿ, ಆಮೇಲೆ 30ರಲ್ಲಿ ನಿಲ್ಲಿಸಿ ನೋಡಿ. ಹೊಸ ಪ್ಯಾಡ್ ಹಾಕಿದ್ದರೆ 50ರಿಂದ 10ಕ್ಕೆ ಮೆಲ್ಲಗೆ ಇಳಿಸುವುದನ್ನು ಕೆಲವು ಸಲ ಮಾಡಿ, ನಡುವೆ ಆರಲು ಬಿಡಿ. ಮೊದಲ 200 ಕಿಲೋಮೀಟರ್ ಜೋರು ಬ್ರೇಕ್ ಆದಷ್ಟು ತಪ್ಪಿಸಿ, ಆ ವಾರ ಘಾಟಿಗೆ ಹೋಗಬೇಡಿ. ಹೋದಾಗಲೂ ಎರಡನೇ ಗೇರಿನಲ್ಲಿ ಎಂಜಿನ್ನಿಗೇ ಕಾರು ಹಿಡಿಯಲು ಬಿಟ್ಟು, ಬ್ರೇಕನ್ನು ತಿರುವಿಗೆ ಮೊದಲು ಹಿಡಿದು ಪೂರ್ತಿ ಬಿಡಿ. ಮಾರನೆಯ ದಿನ ಬೆಳಿಗ್ಗೆ ನಾಲ್ಕೂ ನಿಪ್ಪಲ್‌ಗಳ ಸುತ್ತ ಒಣ ಬಟ್ಟೆ ಒತ್ತಿ ನೋಡಿ, ತೇವ ತಾಗಿದರೆ ಮತ್ತೆ ಬಿಗಿ ಮಾಡಿ. ತೆಗೆದ ಹಳೆಯ ಆಯಿಲನ್ನು ಚರಂಡಿಗೆ ಸುರಿಯಬೇಡಿ, ಮುಚ್ಚಿದ ಬಾಟಲಿಯಲ್ಲಿ ಹಳೆ ಎಂಜಿನ್ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಟ್ಟು, ಅದು ಬ್ರೇಕ್ ಆಯಿಲ್ ಅಂತ ಹೇಳಿ. ಬದಲಾಯಿಸಿದ ತಿಂಗಳು, ವರ್ಷವನ್ನು ಒಂದು ಚೀಟಿಯಲ್ಲಿ ಬರೆದು ಬಾನೆಟ್ಟಿನ ಒಳಗೆ ಅಂಟಿಸಿ.