ಮನೆಯಲ್ಲೇ ಕಲಿಸುತ್ತೀರಾ? ಮೊದಲು ಟಿಸಿ ತಗೊಳ್ಳಿ

ಮಗುವಿಗೆ ಮನೆಯಲ್ಲೇ ಕಲಿಸಲು ಹೊರಟವರು ಪಾಠದ ಬಗ್ಗೆ ತಿಂಗಳುಗಟ್ಟಲೆ ಯೋಚಿಸಿರುತ್ತಾರೆ. ಕಾಗದಪತ್ರ ಮಾತ್ರ ಮರೆತಿರುತ್ತಾರೆ. ಬೇಸಿಗೆ ರಜೆ ಮುಗಿದ ಮೇಲೆ ಸುಮ್ನೆ ಶಾಲೆಗೆ ಕಳಿಸುವುದನ್ನೇ ನಿಲ್ಲಿಸುತ್ತಾರೆ. ಎರಡು ವರ್ಷ ಕಳೆದು ಟಿಸಿಗಾಗಿ ಅದೇ ಶಾಲೆಗೆ ಅಲೆಯುವುದನ್ನು ನಾನು ಬಹಳ ಸಲ ನೋಡಿದ್ದೇನೆ.

1. ಕಾನೂನು ತಿಳಿದುಕೊಳ್ಳಿ. ನಮ್ಮಲ್ಲಿ ಮನೆಶಾಲೆಗೆ ಅಂತ ಸರ್ಕಾರಿ ನೋಂದಣಿಯೇ ಇಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 10ನೇ ಸೆಕ್ಷನ್ 6ರಿಂದ 14 ವರ್ಷದ ಮಗುವನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎನ್ನುತ್ತದೆ. ಸೇರಿಸದಿದ್ದರೆ ಪೋಷಕರಿಗೆ ಇಂಥ ಶಿಕ್ಷೆ ಅಂತ ಆ ಕಾಯ್ದೆ ಹೇಳುವುದಿಲ್ಲ. ಮನೆಯಲ್ಲೇ ಕಲಿಸಬಹುದು ಅಂತಲೂ ಹೇಳುವುದಿಲ್ಲ. ‘ಹೋಂಸ್ಕೂಲ್ ನೋಂದಣಿ ಪತ್ರ’ ಕೊಡುತ್ತೇವೆ ಎಂದು ದುಡ್ಡು ಕೇಳುವವರಿಂದ ದೂರವಿರಿ. ಆ ಕಾಗದಕ್ಕೆ ಬೆಲೆಯಿಲ್ಲ.

2. ಶಾಲೆಯಿಂದ ಸರಿಯಾಗಿ ಹೊರಬನ್ನಿ. ಜಾಸ್ತಿ ಜನ ಎಡವುವುದು ಇಲ್ಲೇ. ವರ್ಷದ ನಡುವೆ ಬಿಡಿಸಬೇಡಿ. ಪರೀಕ್ಷೆ ಮುಗಿದು ಫಲಿತಾಂಶ ಬರಲಿ. ಆಮೇಲೆ ಟಿಸಿ ಬೇಕೆಂದು ಅರ್ಜಿ ಬರೆಯಿರಿ. ಮಗುವಿನ ಹೆಸರು ಜನನ ಪ್ರಮಾಣಪತ್ರದಲ್ಲಿ ಇರುವಂತೆಯೇ ಇರಲಿ. ತರಗತಿ ಮತ್ತು ಸ್ಯಾಟ್ಸ್ ಸಂಖ್ಯೆ (ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಮಗುವಿಗಿರುವ ಸಂಖ್ಯೆ) ಬರೆಯಿರಿ. ಅಪ್ಪ, ಅಮ್ಮ ಇಬ್ಬರೂ ಸಹಿ ಮಾಡಿ. ಮುಂದೆ ಇಬ್ಬರಲ್ಲಿ ಮನಸ್ತಾಪ ಬಂದು ವಿಷಯ ಕೋರ್ಟ್‌ಗೆ ಹೋದರೆ, ‘ನನ್ನನ್ನು ಕೇಳದೆ ಶಾಲೆ ಬಿಡಿಸಿದರು’ ಎಂಬ ಮಾತು ಮೊದಲು ಬರುತ್ತದೆ.

ಅರ್ಜಿ ಎರಡು ಪ್ರತಿ ಇರಲಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ತೆಗೆದುಕೊಳ್ಳುವುದಿಲ್ಲ ಎಂದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಟಿಸಿ ಕೈಗೆ ಬಂದಾಗ ಅಲ್ಲೇ ನಿಂತು ಓದಿ. ಹೆಸರಿನ ಕಾಗುಣಿತ, ಹುಟ್ಟಿದ ದಿನ, ತೇರ್ಗಡೆಯಾದ ತರಗತಿ, ಮೂರೂ ಸರಿ ಇವೆಯಾ? ತಪ್ಪಿದ್ದರೆ ಅವತ್ತೇ ಸರಿ ಮಾಡಿಸಿ. ಆಧಾರ್‌ನಲ್ಲಿ ಒಂದು ಇನಿಷಿಯಲ್, ಟಿಸಿಯಲ್ಲಿ ಇನ್ನೊಂದು ಇದ್ದ ಹುಡುಗನ ಅಪ್ಪ ಹತ್ತನೇ ತರಗತಿಯ ಅರ್ಜಿ ಹೊತ್ತಲ್ಲಿ ಪಟ್ಟ ಪಾಡು ನನಗಿನ್ನೂ ನೆನಪಿದೆ.

ಕೆಲವರು ಯಾವುದೋ ಶಾಲೆಯಲ್ಲಿ ಹೆಸರು ಮಾತ್ರ ಇಟ್ಟು ಮಗುವನ್ನು ಮನೆಯಲ್ಲಿಟ್ಟುಕೊಳ್ಳುತ್ತಾರೆ. ಈ ಅಡ್ಡದಾರಿ ಬೇಡವೇ ಬೇಡ. ಅದು ಸುಳ್ಳು ಹಾಜರಿ. ಸಿಕ್ಕಿಬಿದ್ದರೆ ಪರೀಕ್ಷೆಗೆ ಕುತ್ತು ಬರುವುದು ಮಗುವಿಗೆ ಅಲ್ವಾ?

3. ಫೈಲ್ ಮಾಡಿ. ತಿಂಗಳಿಗೆ ಒಂದು ಪುಟ, ಏನು ಕಲಿಸಿದಿರಿ ಅಂತ. ಜೊತೆಗೆ ಮಗುವಿನ ಕೈಬರಹದ ಎರಡು ಹಾಳೆ. ಫೋನಿನ ಫೋಟೋ ಸಾಲದು, ಕಾಗದವೇ ಇರಲಿ.

4. ಸಮೀಕ್ಷೆಗೆ ಬಂದರೆ ನಿಜ ಹೇಳಿ. ಶಾಲೆಯಿಂದ ಹೊರಗುಳಿದ ಮಕ್ಕಳನ್ನು ಹುಡುಕಿಕೊಂಡು ಶಿಕ್ಷಕರೋ ಸಿಆರ್‌ಪಿಯೋ (ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಇಲಾಖೆಯ ಸಂಪನ್ಮೂಲ ವ್ಯಕ್ತಿ) ಮನೆಗೆ ಬರಬಹುದು. ಅದು ಅವರ ಕೆಲಸ. ‘ಅಜ್ಜಿ ಊರಲ್ಲಿ ಓದ್ತಿದ್ದಾನೆ’ ಅನ್ನಬೇಡಿ. ಕೂರಿಸಿ ಫೈಲ್ ತೋರಿಸಿ. ಮಗುವನ್ನು ಶಾಲೆಗೆ ಸೇರಿಸಿ ಎಂದು ಅವರು ಒತ್ತಾಯಿಸಬಹುದು, ಅದಕ್ಕೂ ತಯಾರಿರಿ. ಮುಂದೆ ನಿಮಗೇ ಮನಸ್ಸು ಬದಲಾದರೂ ದಾರಿ ಇದೆ. ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಮಗು ವಯಸ್ಸಿಗೆ ತಕ್ಕ ತರಗತಿಗೇ ಸೇರಬಹುದು.

ನಾಲ್ಕು ಮನೆಯವರು ಸೇರಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಶುಲ್ಕ ಪಡೆದು, ಬೋರ್ಡು ಹಾಕಿದರೆ ಮಾತ್ರ ಕಥೆಯೇ ಬೇರೆ. ಅದು ಮಾನ್ಯತೆ ಇಲ್ಲದ ಶಾಲೆ ಅನ್ನಿಸಿಕೊಳ್ಳಬಹುದು. ಅದಕ್ಕೆ 18ನೇ ಸೆಕ್ಷನ್‌ನಲ್ಲಿ 1 ಲಕ್ಷ ರೂಪಾಯಿವರೆಗೆ ದಂಡವಿದೆ. ಮುಂದುವರಿಸಿದರೆ ದಿನಕ್ಕೆ 10,000 ರೂಪಾಯಿ.

5. ಹತ್ತನೇ ತರಗತಿಗೆ ಎನ್‌ಐಒಎಸ್. ಇದು ಕೇಂದ್ರ ಸರ್ಕಾರದ ಮುಕ್ತ ಶಾಲಾ ಮಂಡಳಿ. 14 ತುಂಬಿರಬೇಕು. ಎಂಟನೇ ತರಗತಿಯ ಅಂಕಪಟ್ಟಿ ಇಲ್ಲದಿದ್ದರೂ ಸ್ವಯಂ ಘೋಷಣೆ ಕೊಟ್ಟು ಸೇರಬಹುದು. ತೇರ್ಗಡೆಗೆ ಐದು ವಿಷಯ ಬೇಕು. ನೋಂದಣಿ 5 ವರ್ಷ ನಡೆಯುತ್ತದೆ. ಅರ್ಜಿಯನ್ನು ಮಂಡಳಿಯ ಜಾಲತಾಣದಲ್ಲಿ ನೀವೇ ತುಂಬಿ. ‘ಪಾಸ್ ಗ್ಯಾರಂಟಿ’ ಅನ್ನುವ ಏಜೆಂಟರ ಕೈಗೆ ಮಗುವಿನ ದಾಖಲೆ ಕೊಡಬೇಡಿ. ವಿಷಯ ಆರಿಸುವಾಗ ಗಣಿತ ಕಷ್ಟ ಅಂತ ಬಿಡಲು ಅಲ್ಲಿ ಅವಕಾಶವಿದೆ. ಮಗು ಮುಂದೆ ವಿಜ್ಞಾನವೋ ಡಿಪ್ಲೊಮಾವೋ ಓದುವ ಸಣ್ಣ ಸಾಧ್ಯತೆ ಇದ್ದರೂ ಗಣಿತವನ್ನು ಬಿಡಬೇಡಿ.