ಸ್ವೀಟ್ ಸಿಸಿಲಿ ಹಾಕಿದ ರೂಬಾರ್ಬ್ ಗೊಜ್ಜು

ಮೇ ತಿಂಗಳಲ್ಲಿ ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್ ಡೇಲ್ಸ್ ಕಡೆ ಹೋದರೆ ರಸ್ತೆ ಅಂಚಲ್ಲಿ, ಹೊಳೆ ದಂಡೆಯಲ್ಲಿ ಸ್ವೀಟ್ ಸಿಸಿಲಿ ಬೆಳ್ಳಗೆ ಹೂ ಬಿಟ್ಟು ನಿಂತಿರುತ್ತದೆ. ಮೂಲದಲ್ಲಿ ಇದು ಮಧ್ಯ, ದಕ್ಷಿಣ ಯುರೋಪಿನ ಬೆಟ್ಟದ ಗಿಡ. ಕ್ಯಾರೆಟ್, ಕೊತ್ತಂಬರಿ, ಜೀರಿಗೆ, ಸಬ್ಬಸಿಗೆಗೆಲ್ಲ ದಾಯಾದಿ. ಎಲೆ ಹಿಸುಕಿದರೆ ಥೇಟ್ ಸೋಂಪಿನ ವಾಸನೆ.

ಆದರೆ ಹೆಮ್‌ಲಾಕ್ ಅನ್ನೋ ವಿಷದ ಗಿಡವೂ ಇದೇ ಕುಟುಂಬದ್ದು. ಅದಕ್ಕೂ ಇಂಥದೇ ಬಿಳಿ ಹೂ, ತಿಂದರೆ ಜೀವಕ್ಕೇ ಅಪಾಯ. ಹಾಗಾಗಿ ನಾನು ಬರೀ ಮೂಗನ್ನು ನಂಬುವುದಿಲ್ಲ. ಒಂದು ಸಲ ಸಿಸಿಲಿ ಹಿಸುಕಿದ ಕೈಯಲ್ಲಿ ಆಮೇಲೆ ಏನು ಮುಟ್ಟಿದರೂ ಸೋಂಪೇ ಅಲ್ವಾ? ಮೊದಲು ದಂಟು ನೋಡುತ್ತೇನೆ. ನುಣ್ಣಗಿದ್ದು ನೇರಳೆ ಮಚ್ಚೆ ಇದ್ದರೆ ಅದು ಹೆಮ್‌ಲಾಕ್, ಮುಟ್ಟುವುದೇ ಬೇಡ. ಸಿಸಿಲಿ ಎಲೆ ಮೆತ್ತಗೆ, ಸಣ್ಣ ರೋಮ, ಅಲ್ಲಲ್ಲಿ ಸುಣ್ಣ ಚಿಮುಕಿಸಿದಂಥ ಗುರುತು. ಹೊಸಬರು ಕಾಯಿ ಬಿಡುವ ಜೂನ್‌ವರೆಗೆ ಕಾಯುವುದು ಒಳ್ಳೆಯದು. ಸಿಸಿಲಿ ಕಾಯಿ 2 ಸೆಂ.ಮೀ. ಉದ್ದ, ಏಣು ಏಣಾಗಿ ನೆಟ್ಟಗೆ ನಿಂತಿರುತ್ತದೆ. ಹೆಮ್‌ಲಾಕಿನದು ಗುಂಡಗೆ, 3 ಮಿ.ಮೀ. ಅಷ್ಟೇ. ಚೂರು ಅನುಮಾನ ಬಂದರೂ ಬಿಟ್ಟು ಮುಂದೆ ಹೋಗುತ್ತೇನೆ.

ನನಗೆ ಎಲೆಗಿಂತ ಎಳೇ ಕಾಯಿಯೇ ಇಷ್ಟ. ಹಸಿರಾಗಿರುವಾಗಲೇ ಕೀಳಬೇಕು. ಕಂದು ಬಣ್ಣಕ್ಕೆ ತಿರುಗಿತೋ, ಬರೀ ನಾರು. ಊಟ ಆದಮೇಲೆ ಸುಮ್ನೆ ಹಾಗೇ ಬಾಯಿಗೆ ಹಾಕಿಕೊಳ್ಳಬಹುದು.

ಇಲ್ಲಿನವರು ಸಿಸಿಲಿ ಎಲೆಯನ್ನು ರೂಬಾರ್ಬ್ ಅನ್ನೋ ಗಿಡದ ದಂಟಿನ ಜೊತೆ ಬೇಯಿಸುತ್ತಾರೆ. ರೂಬಾರ್ಬ್ ವಿಪರೀತ ಹುಳಿ. ಈ ಎಲೆ ಬಿದ್ದರೆ ಸಕ್ಕರೆ ಕಮ್ಮಿ ಸಾಕು. ಎಲೆಯಲ್ಲಿರುವ ಅನೆಥೋಲ್ ಅನ್ನೋ ಪರಿಮಳದ ಅಂಶಕ್ಕೆ ಸೋಂಪಿನ ಘಮದ ಜೊತೆ ಸಿಹಿಯೂ ಉಂಟು. ನಾನು ಅದೇ ಜೋಡಿಯಲ್ಲಿ ಗೊಜ್ಜು ಮಾಡುತ್ತೇನೆ. ಹುಣಸೆಹಣ್ಣು ಬೇಕಾಗುವುದೇ ಇಲ್ಲ. ಸಾಸಿವೆ, ಒಣಮೆಣಸಿನಕಾಯಿ ಒಗ್ಗರಣೆಗೆ ಹೆಚ್ಚಿದ ದಂಟು (ರೂಬಾರ್ಬ್ ಎಲೆ ವಿಷ, ಎಸೆದುಬಿಡಿ), ಉಪ್ಪು, ಚೂರು ಬೆಲ್ಲ, ಒಂದು ಹಿಡಿ ಸಿಸಿಲಿ ಎಲೆ. ಸಣ್ಣ ಉರಿಯಲ್ಲಿ ದಂಟು ತಾನಾಗೇ ಕರಗುತ್ತದೆ. ಇಳಿಸುವಾಗ ಎಳೇ ಕಾಯಿ ಜಜ್ಜಿ ಹಾಕುತ್ತೇನೆ. ಇಂಗು ಮಾತ್ರ ಬೇಡ. ಅದೂ ಇದೇ ಕುಟುಂಬದ್ದೇ, ಆದರೆ ಸೋಂಪಿನ ಘಮವನ್ನು ಪೂರ್ತಿ ನುಂಗಿಬಿಡುತ್ತದೆ.

ಸಿಸಿಲಿ ಬೇರನ್ನೂ ಬೇಯಿಸಿ ತಿನ್ನುತ್ತಾರೆ. ಆದರೆ ಬ್ರಿಟನ್ನಿನ 1981ರ ಕಾಯಿದೆ ಪ್ರಕಾರ ಜಮೀನಿನವರ ಒಪ್ಪಿಗೆ ಇಲ್ಲದೆ ಕಾಡುಗಿಡವನ್ನು ಬುಡಸಮೇತ ಕೀಳುವಂತಿಲ್ಲ. ಬೇಕೇ ಬೇಕು ಅಂದರೆ ಮಾಗಿದ ಕಾಯಿ ತಂದು ಚಳಿಗೆ ಮುಂಚೆ ಹಿತ್ತಲಲ್ಲಿ ಊರಿ. ಚಳಿಗಾಲ ಕಳೆದಮೇಲೇ ಅದು ಮೊಳೆಯುವುದು. ಬೇರು ತುಂಬ ಆಳಕ್ಕೆ ಇಳಿಯುತ್ತದೆ, ಬೀಜವೂ ಜಾಸ್ತಿ ಉದುರುತ್ತದೆ. ಜಾಗ ನೋಡಿ ಹಾಕಿ.